ಹೇಳಿ ಮಾತು ತಪ್ಪಿದ ಕೋಚಮ್ಮ

ಅವಳ ಹತ್ತು ಬೆರಳಿನಲ್ಲಿ ಒಂದೂ ನೆಟ್ಟಗಿರಲಿಲ್ಲ. ಕಿರುಬೆರಳು ಹೊರಕ್ಕೆ ತಿರುಗಿತ್ತು, ಉಂಗುರದ ಬೆರಳು ಒಳಕ್ಕೆ ಮಡಚಿತ್ತು, ಬಲಗೈ ಹೆಬ್ಬೆರಳಿನ ಗೆಣ್ಣು ಹಸಿಶುಂಠಿ ಹಾಗೆ ಉಬ್ಬಿತ್ತು. ಚಿಕ್ಕಂದಿನಿಂದ ಚೆಂಡು ಹಿಡಿದು ಹಿಡಿದು ಹಾಗಾಗಿದ್ದು. ಒಂದು ಸಲ ನನ್ನ ಕಣ್ಣೆದುರಿಗೇ ಚೆಂಡು ಬಡಿದು ನಡುಬೆರಳು ಪಕ್ಕಕ್ಕೆ ಸರಿದುಹೋಯಿತು. ಇನ್ನೊಂದು ಕೈಯಲ್ಲಿ ಅದನ್ನ ಹಿಡಿದು ಕಡ್ಲೇಗಿಡ ಕಿತ್ತ ಹಾಗೆ ಎಳೆದಳು. ಟಕ್ ಅಂತು, ಕೂತಿತು. ಮತ್ತೆ ಸೀಟಿ ಊದಿದಳು.

ನಾನು ಓದಿರೋದು ಎರಡನೇ ಕ್ಲಾಸು. ಬರೆಯೋದು ಅಂದರೆ ಮಾತಾಡಿದ ಹಾಗೇ ಬರೀತೀನಿ, ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಇವಳು ಕಾಲೇಜು ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲು ಕಲಿಸೋ ಕೋಚು. ಮನೆಯಲ್ಲಿ ಎಲ್ಲರೂ ಕೋಚು ಕೋಚು ಅನ್ನೋರು, ನನಗೆ ಅದು ರೈಲಿನ ಡಬ್ಬಿ ಹಾಗೆ ಕೇಳಿಸೋದು. ಹೆಂಗಸಲ್ಲವಾ, ಕೋಚಮ್ಮ ಅಂದೆ. ಅದೇ ನಿಂತಿತು. ನನಗಿಂತ ಸುಮಾರು ಚಿಕ್ಕವಳು, ಅದಕ್ಕೇ ಅವಳು ಅಂತಲೇ ಬರೀತಿದ್ದೀನಿ. ಅವಳು ಆಡಿದ ಇಂಗ್ಲಿಷನ್ನ ಮೊಮ್ಮಗಳು ನನಗೆ ಹೇಳಿದ ಹಾಗೆ, ಆಮೇಲಾಮೇಲೆ ನನಗೇ ತಿಳಿದ ಹಾಗೆ ಇಲ್ಲಿ ಹಾಕಿದ್ದೀನಿ.

ಮಂಡ್ಯ ಕಡೆ ಹಳ್ಳಿಯವಳು ನಾನು. ಯಜಮಾನರು ಹೋದ ಮೇಲೆ ಮಗಳು ಸಮುದ್ರದಾಚೆ ತಾನಿದ್ದ ಯೂನಿಯನ್ ಸಿಟಿ ಅನ್ನೋ ಊರಿಗೆ ಕರೆಸಿಕೊಂಡಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಇಂಜಿನಿಯರು. ಮೊಮ್ಮಗಳು ಒಬ್ಬಳೇ. ಆರಡಿಗೆ ಒಂದೇ ಇಂಚು ಕಮ್ಮಿ. ಆ ಉದ್ದ ನಮ್ಮ ಯಜಮಾನರ ಕಡೆಯದು.

"ಈ ಉದ್ದಕ್ಕೆ ಗಂಡು ಎಲ್ಲಿಂದ ತರಲಿ ಅತ್ತೆ?" ಅಂತ ಅಳಿಯಂದಿರು ದಿನಾ ಕೊರಗೋರು.

"ತೆಂಗಿನಮರ ಹತ್ತೋ ಮನೆತನ ನೋಡಿ" ಅಂದೆ ಒಂದು ದಿನ. ಮಗಳು ನಕ್ಕಳು, ಅವರು ನಗಲಿಲ್ಲ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಮೊಮ್ಮಗಳು ಕಾಲೇಜಿಗೆ ಸೇರೋ ವರ್ಷ. ಈ ಕೋಚಮ್ಮ ಎಲ್ಲೋ ಹೈಸ್ಕೂಲಿನಲ್ಲಿ ಇವಳನ್ನ ನೋಡಿ ಮನೆಗೆ ಬಂದಳು. ಅವಳ ಪದ್ಧತಿ ಅದು. ಹುಡುಗಿಯನ್ನ ತಂಡಕ್ಕೆ ತಗೊಳ್ಳೋ ಮುಂಚೆ ಅವಳ ಮನೆಗೆ ಬಂದು ಊಟ ಮಾಡಬೇಕು, ಅಡಿಗೆ ಮಾಡಿದವರು ಯಾರು ಅಂತ ಕೇಳಿ ಅವರ ಎದುರಿಗೆ ಕೂತು ಮಾತಾಡಬೇಕು. ಅವತ್ತು ಮುದ್ದೆ, ಅವರೆಕಾಳಿನ ಸಾರು ಮಾಡಿದ್ದೆ. ರಾಗಿಹಿಟ್ಟು ಊರಿಂದ ಸೂಟ್‌ಕೇಸಿನಲ್ಲಿ ಬಂದದ್ದು, ಕಂಡಕಂಡವರಿಗೆ ಹಾಕೋ ವಸ್ತು ಅಲ್ಲ. ಹಾಕಿದೆ. ಅವಳು ಅಗಿದಳು.

"ಅಗೀಬಾರದು ಕಣವ್ವ, ನುಂಗಬೇಕು" ಅಂದೆ.

ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಅವಳು ಕಣ್ಣು ಮುಚ್ಚಿಕೊಂಡು ನುಂಗಿದಳು, ಕಣ್ಣಲ್ಲಿ ನೀರು ಬಂತು, ಇನ್ನೊಂದು ತುತ್ತು ಮುರಿದಳು. ಆಮೇಲೆ ನನ್ನ ಕಡೆಯೇ ತಿರುಗಿ ಹೇಳಿದಳು. "ಮೊದಲನೇ ವರ್ಷ ಇವಳು ಕೂತಿರ್ತಾಳೆ. ಎರಡನೇ ವರ್ಷ ಬೀಳ್ತಾಳೆ. ಮೂರನೇ ವರ್ಷ ನಿಲ್ತಾಳೆ. ನಾಲ್ಕನೇ ವರ್ಷ ಆಡ್ತಾಳೆ. ಚೆಂಡು ಹಾಕೋ ಬುಟ್ಟಿ ಕೆಳಗೆ ನಿಂತು ಆಡೋ ಜಾಗ ಮೂರನೇ ವರ್ಷದಿಂದ ಇವಳದು. ನಾನು ಮಾತು ಕೊಡ್ತೀನಿ. ನೀವು ನಾಲ್ಕು ವರ್ಷ ಕೊಡಿ."

ಅಳಿಯಂದಿರು ಒಂದು ಷರತ್ತು ಹಾಕಿದರು. ಪ್ರಾಕ್ಟೀಸು ಮುಗಿದು ಬರೋ ಹೊತ್ತಿಗೆ ಕತ್ತಲಾಗುತ್ತೆ, ಬಾರ್ಟ್ ರೈಲು, ಆಮೇಲೆ ಬಸ್ಸು. ವಯಸ್ಸಿಗೆ ಬಂದ ಹುಡುಗಿ. "ಅಜ್ಜಿ ಜೊತೆಗೆ ಬಂದರೆ ಮಾತ್ರ ಕಳಿಸ್ತೀನಿ."

ಮೊಮ್ಮಗಳಿಗೆ ಮುಖ ಕೆಂಪಾಯಿತು. "ಡ್ಯಾಡ್! ಕಾಲೇಜಿಗೆ ಯಾರಾದರೂ ಗ್ರ್ಯಾಂಡ್‌ಮದರ್ ಕರ್ಕೊಂಡು ಹೋಗ್ತಾರಾ?"

ಕೋಚಮ್ಮ ಮಾತ್ರ ನನ್ನನ್ನ ಮೇಲಿಂದ ಕೆಳಗೆ ನೋಡಿದಳು. "ಬರಲಿ. ನನಗೆ ಯಾವಾಗಲೂ ಒಬ್ಬರು ಕಮ್ಮಿ ಬೀಳ್ತಾರೆ."

ನನ್ನನ್ನ ಏನು ಮಾಡ್ತಾಳೆ ಅಂತ ಆಗ ಗೊತ್ತಾಗಲಿಲ್ಲ. ಹೋದ ಮೇಲೆ ಗೊತ್ತಾಯಿತು. ಆಟದ ಮನೆಯ ಮರದ ನೆಲದ ಮೇಲೆ ಮಡಚೋ ಕುರ್ಚಿಗಳನ್ನ ಸಾಲಾಗಿ ಇಟ್ಟು, ಅವೇ ಎದುರಾಳಿ ಅಂತ ಹುಡುಗಿಯರನ್ನ ಅವುಗಳ ಸುತ್ತ ಚೆಂಡು ಬಡಿದುಕೊಂಡು ಓಡಿಸೋಳು. ಅದರಲ್ಲಿ ಒಂದು ಕುರ್ಚಿ ಮೇಲೆ ನನ್ನನ್ನ ಕೂರಿಸಿದಳು. ಬರೀ ಕುರ್ಚಿಗೆ ಹೆದರೋಲ್ಲ, ಮನುಷ್ಯರು ಕೂತಿದ್ದರೆ ತಗುಲೀತು ಅಂತ ಕಾಲು ಎಚ್ಚರವಾಗಿ ಇಡ್ತಾರೆ, ಅದಕ್ಕೆ. ನಾನು ಸೀರೆ ಮೇಲೆ ಸ್ವೆಟರು ಹಾಕಿಕೊಂಡು, ಕೈ ಮಡಿಲಲ್ಲಿ ಇಟ್ಟುಕೊಂಡು ಕೂರೋದು. ಎಡಗಡೆ ಒಂದು ಬರೋದು, ಬಲಗಡೆ ಒಂದು ಹೋಗೋದು.

"ಅಜ್ಜಿ, ಡೋಂಟ್ ಮೂವ್!"

"ಅಲ್ಲಾಡದೆ ಇನ್ನೇನೇ ಮಾಡ್ಲಿ, ಮೈಮೇಲೆ ಬತ್ತಾವಳೆ ಇವಳು!"

ಮೊದಲ ದಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದೆ. ಅದನ್ನ ತೋರಿಸಿ ಕೋಚಮ್ಮ ಹುಡುಗಿಯರಿಗೆಲ್ಲ ಭಾಷಣ ಮಾಡಿದಳಂತೆ, ಈ ಹೆಂಗಸಿಗೆ ನೆಲದ ಬೆಲೆ ಗೊತ್ತು ಅಂತ. ಬೆಲೆ ಗಿಲೆ ಏನೂ ಇಲ್ಲ, ಆ ನೆಲದ ಮೇಲೆ ಚಪ್ಪಲಿ ಜಾರುತ್ತಿತ್ತು.

ಅವಳಲ್ಲಿ ಇನ್ನೊಂದು ಕಟ್ಟಳೆ ಇತ್ತು. ನಾಲ್ಕನೇ ವರ್ಷದ ಒಬ್ಬೊಬ್ಬಳಿಗೂ ಮೊದಲನೇ ವರ್ಷದ ಒಬ್ಬೊಬ್ಬಳನ್ನ ಗಂಟು ಹಾಕೋಳು. ಕಿರಿಯವಳು ಕಾಲು ತಪ್ಪಿಟ್ಟರೆ ಸುತ್ತು ಓಡಬೇಕಾದವಳು ಹಿರಿಯವಳು. ನಮ್ಮ ಹುಡುಗಿ ಆ ವರ್ಷ ಇಟ್ಟ ಹೆಜ್ಜೆಯೆಲ್ಲ ತಪ್ಪೇ. ಅವಳ ಹಿರಿಯವಳು ಒಂದು ದಪ್ಪ ಹುಡುಗಿ, ಪಾಪ, ಓಡಿ ಓಡಿ ಬಂದು ನನ್ನ ಪಕ್ಕದಲ್ಲಿ ಬಿದ್ದುಕೊಳ್ಳೋಳು. "ಅಜ್ಜಿ, ನಿಮ್ಮ ಮೊಮ್ಮಗಳು ನನ್ನನ್ನ ಸಣ್ಣ ಮಾಡಿಬಿಟ್ಟಳು" ಅಂತ ಬೈಯೋಳು. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಇವಳಿಗೆ ಕಾಲು ಇಡೋದು ಕಲಿಸೋಳು. ತನ್ನ ಕಾಲು ಉಳಿಯಬೇಕಲ್ಲ. ಹೀಗೆ ಒಬ್ಬಳಿಂದ ಒಬ್ಬಳಿಗೆ ದಾಟಿಕೊಂಡು ಬರೋದು ಅವರ ಆಟ. ಕೋಚಮ್ಮ ಒಂದು ವಿಷಯ ಒಂದೇ ಸಲ ಹೇಳೋಳು. ಎರಡನೇ ಸಲ ಹೇಳೋದು ಅವಳ ಕೆಲಸ ಅಲ್ಲ, ಹಿರಿಯವಳ ಕೆಲಸ.

ಚೆಂಡು ಬುಟ್ಟಿಗೆ ಬಿದ್ದರೆ ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಹಾಕಿದವಳಿಗೆ ಚೆಂಡು ಕೊಟ್ಟವಳು ಇರ್ತಾಳಲ್ಲ, ಅವಳ ಕಡೆ ಬೆರಳು ತೋರಿಸೋಳು. ಆ ಸೊಟ್ಟ ಬೆರಳು ಯಾರ ಕಡೆ ತೋರಿಸುತ್ತೆ ಅಂತಲೇ ಹೊಸ ಹುಡುಗಿಯರಿಗೆ ಗೊತ್ತಾಗುತ್ತಿರಲಿಲ್ಲ.

ಎರಡನೇ ವರ್ಷ ಹೇಳಿದ ಹಾಗೇ ಮೊಮ್ಮಗಳು ಬಿದ್ದಳು. ಬೇಕಾದಷ್ಟು ಸಲ ಬಿದ್ದಳು. ಒಂದು ಸಂಜೆ ಮೂತಿ ಅಡಿಯಾಗಿ ಬಿದ್ದು ತುಟಿ ಒಡೆದು ರಕ್ತ ಬಂತು. ಕೋಚಮ್ಮ ನಿಂತಲ್ಲಿಂದ ಅಲ್ಲಾಡಲಿಲ್ಲ. "ಎದ್ದು ಬಾ" ಅಂದಳು ಅಷ್ಟೆ. ನನಗೆ ರೇಗಿತು. ಕುರ್ಚಿಯಿಂದ ಎದ್ದೆ.

"ಏನವ್ವ ನಿನ್ನ ಕೈಗೆ ಬಂದಿರೋದು? ಮಗ ಬಿದ್ದವಳೆ, ಎತ್ತಬಾರದಾ? ನಿನ್ನ ಸೀಟಿ ಸುಟ್ಟೋಗ!"

ಎಲ್ಲ ನಿಂತುಹೋಯಿತು. ಏನು ಹೇಳಿದರು ಅಂತ ಕೋಚಮ್ಮ ಮೊಮ್ಮಗಳನ್ನ ಕೇಳಿದಳು. ಅವಳು ತುಟಿ ಒರೆಸಿಕೊಂಡು, "ಪ್ರಾಕ್ಟೀಸು ಚೆನ್ನಾಗಿದೆ ಅಂತಾರೆ" ಅಂದಳು.

"ಅಷ್ಟುದ್ದ ಹೇಳಿದರಲ್ಲ?"

"ಕನ್ನಡ ಸ್ವಲ್ಪ ಉದ್ದ, ಕೋಚ್."

ಕೋಚಮ್ಮನಿಗೆ ಎಲ್ಲ ಅರ್ಥವಾಗಿತ್ತು. ಅವತ್ತು ಮುಗಿದ ಮೇಲೆ ನಮ್ಮನ್ನ ಅವಳ ಹಳೇ ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟಳು. ಇಳಿಯೋವಾಗ ನನಗೆ ಹೇಳಿದಳು, "ನಾನು ಎತ್ತಿದರೆ ಅವಳು ಮತ್ತೆ ಬೀಳೋವಾಗ ನನ್ನನ್ನ ಹುಡುಕ್ತಾಳೆ." ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಲ್ಲ. ತುಟಿಗೆ ಒಂದು ಬಟ್ಟೆ ಒತ್ತಿದ್ದರೆ ಆಟ ಮುಳುಗಿಹೋಗುತ್ತಿರಲಿಲ್ಲ.

ಆದರೆ ಆ ವರ್ಷದ ಕೊನೆಗೆ ಮೊಮ್ಮಗಳು ಬೇರೆಯಾಗಿದ್ದಳು. ಮುಂಚೆ ಗೂನು ಹಾಕಿಕೊಂಡು, ಉದ್ದವನ್ನ ಬಚ್ಚಿಟ್ಟುಕೊಂಡು ನಡೆಯೋಳು. ಈಗ ಗ್ರೋಸರಿ ಅಂಗಡಿಗೆ ಹೋದರೂ ಬೆನ್ನು ನೆಟ್ಟಗೆ. ಮೂರನೇ ವರ್ಷ ಜಾಗ ನನ್ನದು ಅಂತ ಅವಳಿಗೆ ಗೊತ್ತಿತ್ತು. ಕಾಯುತ್ತಿದ್ದಳು.

ಅಷ್ಟರಲ್ಲಿ ಕಾಲೇಜಿನ ಆಟದ ಆಫೀಸಿಗೆ ಹೊಸ ಸಾಹೇಬ ಬಂದ. ಕೋಚಮ್ಮನ ತಂಡ ಗೆದ್ದಷ್ಟೇ ಸೋಲುತ್ತಿತ್ತು. ಅಕ್ಕಪಕ್ಕದ ಕಾಲೇಜಿನವರು ಎರಡು ವರ್ಷದ ಕಾಲೇಜುಗಳಿಂದ ಆಗಲೇ ಆಟ ಕಲಿತ, ಬಲಿತ ಹುಡುಗಿಯರನ್ನ ಕರೆತಂದು ಎರಡು ವರ್ಷ ಆಡಿಸಿ ಗೆಲ್ಲುತ್ತಿದ್ದರು. ಟ್ರಾನ್ಸ್‌ಫರು ಅಂತಾರೆ ಅದಕ್ಕೆ. ಒಂದು ಸಂಜೆ ಅವನು ಟೈ ಕಟ್ಟಿಕೊಂಡು ಆಟದ ಮನೆಗೇ ಬಂದು ಕೋಚಮ್ಮನ ಜೊತೆ ನಿಂತು ಮಾತಾಡಿದ. ಜೋರಿಲ್ಲ, ಆದರೆ ಅವಳ ಮುಖ ಕಪ್ಪಿಟ್ಟಿತು. ರೈಲಿನಲ್ಲಿ ಮೊಮ್ಮಗಳನ್ನ ಕೇಳಿದೆ.

"ಏನಂದ ಅವನು?"

"ನಥಿಂಗ್ ಅಜ್ಜಿ."

"ನಥಿಂಗ್ ಅಂದರೆ ಅವಳ ಮುಖ ಯಾಕೆ ಹಂಗಾಯ್ತು?"

ಕಿಟಕಿ ಆಚೆ ನೋಡಿಕೊಂಡು ಹೇಳಿದಳು. "ನಾಲ್ಕು ವರ್ಷ ಕಾಯೋಕೆ ಇದೇನು ತೋಟವಾ ಅಂದ. ರೆಡಿ ಇರೋರನ್ನ ತನ್ನಿ ಅಂದ. ಬರೋ ವರ್ಷ ಗೆಲ್ಲದೆ ಇದ್ದರೆ ಕೋಚನ್ನೇ ಬದಲಾಯಿಸ್ತಾರಂತೆ."

ನಮ್ಮ ಕಡೆ ನಾಟಿಗೆ ಮುಂಚೆ ಒಟ್ಲು ಬಿಡ್ತೀವಿ, ಸಸಿ ಮಡಿ. ಬೀಜ ಚೆಲ್ಲಿ, ಹಕ್ಕಿ ಓಡಿಸಿ, ನೀರು ಕಟ್ಟಿ, ಪೈರು ಮೇಲೆ ಬರೋವರೆಗೂ ಕಾಯಬೇಕು. ಒಂದು ವರ್ಷ ಒಟ್ಲು ಕೆಟ್ಟರೆ ಪಕ್ಕದವರ ಹತ್ತಿರ ಪೈರು ತಂದು ನೆಡ್ತೀವಿ, ತಪ್ಪೇನಿಲ್ಲ. ಒಟ್ಲು ಬಿಡೋದನ್ನೇ ಮರೆತವನ ಗದ್ದೆ ಮಾತ್ರ ಯಾವಾಗಲೂ ಪಕ್ಕದವನ ಕೈಯಲ್ಲಿ. ಇದನ್ನ ಮೊಮ್ಮಗಳಿಗೆ ಹೇಳಿದೆ. "ಅಜ್ಜಿ, ದಿಸ್ ಈಸ್ ನಾಟ್ ಪ್ಯಾಡಿ" ಅಂದಳು.

ಆ ಬೇಸಿಗೆಯಲ್ಲಿ ಕೋಚಮ್ಮ ಮನೆಗೆ ಬಂದಳು. ಕರೆದಿರಲಿಲ್ಲ. ಮಗಳು ಡ್ಯೂಟಿಯಲ್ಲಿದ್ದಳು. ಅಳಿಯ, ಮೊಮ್ಮಗಳು, ನಾನು ಮೂರೇ ಜನ. ಊಟಕ್ಕೆ ಏಳು ಅಂದರೆ ಏಳಲಿಲ್ಲ.

"ಮೂವರನ್ನ ಬೇರೆ ಕಡೆಯಿಂದ ತರ್ತಿದ್ದೀನಿ. ಅದರಲ್ಲಿ ಸ್ಟಾಕ್ಟನ್ ಕಡೆಯ ಒಬ್ಬಳು ಬುಟ್ಟಿ ಕೆಳಗೆ ಆಡ್ತಾಳೆ. ನಿಮ್ಮ ಹುಡುಗಿಯ ಜಾಗ. ನಾನು ಈ ಮನೆಯಲ್ಲಿ ಕೂತು ಮಾತು ಕೊಟ್ಟಿದ್ದೆ. ತಪ್ಪುತ್ತಿದ್ದೀನಿ. ಅದನ್ನ ಹೇಳೋಕೆ ಬಂದೆ."

ಅಳಿಯಂದಿರಿಗೆ ಕೋಪ ಬಂದರೆ ಇಂಗ್ಲಿಷು ಬರುತ್ತೆ. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು, ತಾವು ಹೇಳಿದ್ದು ಏನು ಅಂತ. "ಎರಡು ವರ್ಷ ನಮ್ಮತ್ತೇನ ಕುರ್ಚಿ ಮೇಲೆ ಕೂರಿಸಿದಿರಿ, ನನ್ನ ಮಗಳನ್ನ ಬೆಂಚಿನ ಮೇಲೆ ಕೂರಿಸಿದಿರಿ. ಇನ್ನು ಯಾರನ್ನ ಎಲ್ಲಿ ಕೂರಿಸಬೇಕು ಅಂತಿದ್ದೀರಿ?"

ಅವಳು ತಲೆ ತಗ್ಗಿಸಲಿಲ್ಲ. "ನಾನು ಕೆಲಸದಲ್ಲಿ ಉಳಿದರೆ ತಾನೇ ಮುಂದಿನವರನ್ನ ಬೆಳೆಸೋದು? ಈ ಎರಡು ವರ್ಷ ದಾಟಿಕೊಂಡರೆ ಮತ್ತೆ ನನ್ನ ದಾರಿಗೆ ಬರ್ತೀನಿ."

ಎಲ್ಲರೂ ಹಾಗೇ ಅಂದುಕೊಳ್ಳೋದು. ತಟ್ಟೆ ತಂದು ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ.

"ಇಟ್ಸ್ ಫೈನ್, ಕೋಚ್" ಅಂದಳು ಮೊಮ್ಮಗಳು. ಎದ್ದು ರೂಮಿಗೆ ಹೋದಳು. ಬಾಗಿಲು ಹಾಕಿಕೊಂಡದ್ದರ ಸದ್ದೂ ಆಗಲಿಲ್ಲ. ಸದ್ದು ಮಾಡಿದ್ದರೆ ಚೆನ್ನಾಗಿರೋದು.

ಆ ಸ್ಟಾಕ್ಟನ್ ಹುಡುಗಿಯನ್ನ ಬೈಯೋಣ ಅಂತಲೇ ಹೋದೆ. ಬೈಯೋ ಹಾಗಿರಲಿಲ್ಲ. ಮೊಮ್ಮಗಳಿಗಿಂತ ಕುಳ್ಳಿ, ಕಲ್ಲಿನ ಹಾಗೆ ಗಟ್ಟಿ. ಚೆಂಡು ಕೈಗೆ ಬಂದರೆ ಬುಟ್ಟಿಯೇ ಅವಳ ಕಡೆ ಬಾಗಿದ ಹಾಗೆ. ಯಾರ ಜೊತೆಯೂ ಮಾತಿಲ್ಲ. ನಾನು ತಂದ ಚಿತ್ರಾನ್ನ ಮಾತ್ರ ಡಬ್ಬಿ ಖಾಲಿಯಾಗೋವರೆಗೂ ತಿನ್ನೋಳು. ಆ ವರ್ಷ ಗೆದ್ದರು. ಸಾಹೇಬ ಮುಂದಿನ ಸಾಲಿನಲ್ಲಿ ಬಂದು ಕೂತು ಎಲ್ಲರ ಕೈ ಕುಲುಕಿದ. ಮೊಮ್ಮಗಳು ಬೆಂಚಿನಲ್ಲಿ ಟವೆಲು ಹೊದ್ದುಕೊಂಡು ಕೂತಿರೋಳು. ಗೆಲುವು ಖಾತ್ರಿ ಆದ ಮೇಲೆ, ಜನ ಎದ್ದು ಕೋಟು ಹಾಕಿಕೊಳ್ಳೋವಾಗ, ಅವಳನ್ನ ಒಳಗೆ ಬಿಡೋರು.

ಇನ್ನೂ ಒಂದು ವಿಷಯ ಆಯಿತು, ಯಾರೂ ಗಮನಿಸಲಿಲ್ಲ. ಆ ಮೂವರಿಗೆ ಜಾಗ ಮಾಡೋಕೆ ಅಂತ ಆ ವರ್ಷ ಹೊಸ ಹುಡುಗಿಯರನ್ನ ತಗೊಂಡಿರಲಿಲ್ಲ. ಹಿರಿಯವಳಿಗೆ ಕಿರಿಯವಳನ್ನ ಗಂಟು ಹಾಕೋಣ ಅಂದರೆ ಕಿರಿಯವರೇ ಇಲ್ಲ. ಬೆಳಿಗ್ಗೆ ಬೇಗ ಬರೋರು ನಿಂತುಹೋದರು. ಕುರ್ಚಿಗಳನ್ನೂ ಮೂಲೆಗೆ ಒರಗಿಸಿದರು, ಕಲಿತು ಬಂದವರಿಗೆ ಕುರ್ಚಿ ಸುತ್ತ ಓಡೋದು ಯಾಕೆ? ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದೆ. ಕೋಚಮ್ಮ ಈಗ ಒಂದೇ ವಿಷಯವನ್ನ ನಾಲ್ಕು ನಾಲ್ಕು ಸಲ ಕೂಗಿ ಹೇಳೋಳು. ಗಂಟಲು ಕಟ್ಟಿಹೋಗಿತ್ತು.

ನಾಲ್ಕನೇ ವರ್ಷ ಶುರುವಾಗೋ ಮುಂಚೆ ಮೊಮ್ಮಗಳು ಬಿಟ್ಟಳು. ಬೂಟು ತೆಗೆದು, ಹಳೇ ಸಾಮಾನು ದಾನ ಕೊಡೋ ಗುಡ್‌ವಿಲ್ ಚೀಲಕ್ಕೆ ಹಾಕಿದಳು. ಅವಳು ಬಿಟ್ಟ ಮೇಲೆ ನನಗೇನು ಕೆಲಸ ಅಲ್ಲಿ? ಮತ್ತೆ ಅಡಿಗೆ, ಕಿಟಕಿ.

ಆ ಚಳಿಗಾಲದಲ್ಲಿ, ಹೊರಗಿಂದ ಬಂದಿದ್ದ ಮೂವರಲ್ಲಿ ಒಬ್ಬಳಿಗೆ ಮಂಡಿ ಹೋಯಿತು, ಇನ್ನೊಬ್ಬಳು ಮಧ್ಯದಲ್ಲೇ ಕಾಲೇಜು ಬಿಟ್ಟಳು. ಸ್ಟಾಕ್ಟನ್ ಹುಡುಗಿ ಒಬ್ಬಳು ಉಳಿದಳು. ಕೋಚಮ್ಮ ಮನೆಗೆ ಫೋನು ಮಾಡಿದಳು. ಮೊಮ್ಮಗಳು ಕೇಳಿಸಿಕೊಂಡಳು. "ನಾನು ಸ್ಪೇರ್ ಟೈರ್ ಅಲ್ಲ, ಕೋಚ್" ಅಂತ ಹೇಳಿ ಇಟ್ಟಳು.

"ಹೋಗೇ, ಆಡೋ ಆಸೆ ಇದ್ದದ್ದು ನಿನಗೆ ತಾನೇ?" ಅಂದೆ.

"ಆಸೆ ಇತ್ತು ಅಜ್ಜಿ. ಇತ್ತು."

ತಂಡ ಸೋತಿತು. ಬೆಂಚಿನಲ್ಲಿ ಕೂತು ಕಾಯೋರು ಯಾರೂ ಇರಲಿಲ್ಲ, ಹಿಂದೆ ಬರೋರು ಯಾರೂ ಇರಲಿಲ್ಲ. ಅದೇ ಸಾಹೇಬ, ಬುಡದಿಂದ ಬೆಳೆಸಿಲ್ಲ ಈ ಹೆಂಗಸು ಅಂತ ಹೇಳಿ ಕೋಚಮ್ಮನನ್ನ ತೆಗೆದ. ಆ ಮಾತು ಕೇಳಿ ನನಗೆ ನಗು ಬಂತು. ಒಳ್ಳೇ ನಗು ಅಲ್ಲ. ತನ್ನ ದಾರಿ ಬಿಟ್ಟು ಅವನ ದಾರಿ ಹಿಡಿದಳು, ಅವನೇ ನೀನು ದಾರಿ ತಪ್ಪಿದೆ ಅಂದ. ಕೆಲಸವೂ ಉಳಿಯಲಿಲ್ಲ, ಮಾತೂ ಉಳಿಯಲಿಲ್ಲ.

ಆಮೇಲೆ ಮಾರ್ಗನ್ ಹಿಲ್ಲಿನಲ್ಲಿ ಚಿಕ್ಕ ಮಕ್ಕಳ ಸ್ಕೂಲೊಂದರಲ್ಲಿ ಕಸರತ್ತು ಹೇಳಿಕೊಡುತ್ತಿದ್ದಳು ಅಂತ ಗೊತ್ತಾಯಿತು. ಇನ್ನೂ ಸ್ವಲ್ಪ ದಿನಕ್ಕೆ ಹೊಟ್ಟೆಯಲ್ಲಿ ಗೆಡ್ಡೆ ಅಂತ ಗೊತ್ತಾಯಿತು. ಮಗಳಿಗೆ ಹೇಳಿ ಅವಳ ಕಾರಿನಲ್ಲಿ ನೋಡೋಕೆ ಹೋದೆ. ಮೊಮ್ಮಗಳು ಆಗ ಮೆನ್ಲೋ ಪಾರ್ಕಿನಲ್ಲಿ ಲೆಕ್ಕದ ಆಫೀಸಿಗೆ ಸೇರಿದ್ದಳು. ಕರೆದೆ. ಕೆಲಸ ಇದೆ ಅಂದಳು.

ಕೋಚಮ್ಮ ಸೊಪ್ಪಿನ ಕಡ್ಡಿ ಹಾಗೆ ಮಲಗಿದ್ದಳು. ಮಗಳು ನರ್ಸಲ್ಲವಾ, ಇನ್ನು ಹೆಚ್ಚು ದಿನ ಇಲ್ಲ ಅಂತ ನೋಡಿದ ತಕ್ಷಣ ತಿಳಿದುಕೊಂಡಳು. ಗಂಜಿ ಮಾಡಿಕೊಂಡು ಹೋಗಿದ್ದೆ. ಎರಡು ಚಮಚ ಕುಡಿದು ಕೇಳಿದಳು, "ಅವಳು ಹೇಗಿದ್ದಾಳೆ?"

"ಚೆನ್ನಾಗವಳೆ. ಕೆಲಸ ಸಿಕ್ತು."

"ನನ್ನ ಮೇಲೆ ಕೋಪ ಇದೆಯಾ?"

"ಅದೆ" ಅಂದೆ. ಸಾಯೋರಿಗೆ ಸುಳ್ಳು ಹೇಳಿ ಏನು ಲಾಭ?

"ಇರಲಿ. ಇರಬೇಕಾದ್ದೇ" ಅಂದಳು. ಗಂಜಿ ಸಾಕು ಅಂತ ಕೈ ಅಡ್ಡ ಹಿಡಿದಳು.

ಅವಳು ದೊಡ್ಡವಳು, ಒಳ್ಳೆಯವಳು ಅಂತ ನಾನು ಬರೆಯಲ್ಲ. ಕೊಟ್ಟ ಮಾತು ತಪ್ಪಿದಳು. ಆದರೆ ನನಗೆ ಮಾತು ತಪ್ಪಿದವರು ಬೇಕಾದಷ್ಟು ಜನ. ನಮ್ಮ ಭಾವ ಮೈದಂದಿರು, ನಮ್ಮ ಅಣ್ಣ, ಯಜಮಾನರೂ ಸೇರಿ. ಎಲ್ಲರೂ ಬೆನ್ನ ಹಿಂದೆ ತಪ್ಪಿದವರೇ, ಆಮೇಲೆ ದಾರಿಯಲ್ಲಿ ಸಿಕ್ಕರೆ ಆ ಕಡೆ ತಿರುಗಿಕೊಂಡು ಹೋದವರೇ. ಮನೆ ಬಾಗಿಲಿಗೆ ಬಂದು, ಮುಖ ನೋಡಿ, ನಾನು ತಪ್ಪುತ್ತಿದ್ದೀನಿ ಅಂತ ಹೇಳಿ ತಪ್ಪಿದವಳು ಇವಳೊಬ್ಬಳೇ. ಅವಳ ಋಣ ನನ್ನ ಮೇಲೆ ಏನಾದರೂ ಇದ್ದರೆ ಅದು ಇದು. ನನ್ನನ್ನೂ ಮನುಷ್ಯಳು ಅಂತ ಎಣಿಸಿ ನನ್ನೆದುರಿಗೆ ಹೇಳಿದಳಲ್ಲ.

ಮಣ್ಣಿಗೆ ಇಡೋ ದಿನ ಉದ್ದುದ್ದ ಹೆಂಗಸರು ಸುಮಾರು ಜನ ಬಂದಿದ್ದರು, ಎಲ್ಲ ಅವಳು ಬೆಳೆಸಿದವರು. ಕಣ್ಣು ಒರೆಸಿಕೊಂಡು, ಒಬ್ಬರನ್ನೊಬ್ಬರು ತಬ್ಬಿಕೊಂಡು, ಹೂವಿಟ್ಟು ಹೋದರು. ಕೊನೆವರೆಗೂ ನಿಂತಿದ್ದು ಒಬ್ಬಳು. ಸ್ಟಾಕ್ಟನ್ ಹುಡುಗಿ. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ನನ್ನ ಸೆರಗು ಕೊಟ್ಟೆ.

"ಎರಡೇ ವರ್ಷ ಇದ್ದೋಳು ನೀನು, ಇಷ್ಟೊಂದು ಯಾಕೆ ಅಳ್ತಿ?" ಅಂದೆ, ನನ್ನ ಹರಕು ಇಂಗ್ಲಿಷಿನಲ್ಲಿ.

ಅವಳು ಹೇಳಿದಳು. "ಎರಡು ವರ್ಷ ನಿಮಗೆ ಕಮ್ಮಿ, ಅಜ್ಜಿ. ಹೆತ್ತವರ ಮನೆ ಬಿಟ್ಟರೆ, ಅಲ್ಲೂ ಅಷ್ಟಕ್ಕಷ್ಟೆ, ನನ್ನನ್ನ ಎರಡು ವರ್ಷ ಇಟ್ಟುಕೊಂಡವರು ಇನ್ನು ಯಾರೂ ಇಲ್ಲ."

ಮನೆಗೆ ಬಂದು ಕೈಕಾಲು ತೊಳೆದು ಮೊಮ್ಮಗಳಿಗೆ ಫೋನು ಮಾಡಿದೆ. ಯಾರು ಯಾರು ಬಂದಿದ್ದರು ಅಂತ ಕೇಳಿದಳು. ಹೇಳಿದೆ. ಸ್ಟಾಕ್ಟನ್ ಹುಡುಗಿ ಹೇಳಿದ್ದನ್ನೂ ಹೇಳಿದೆ.

ಅಪರೂಪಕ್ಕೆ ಕನ್ನಡದಲ್ಲೇ ಅಂದಳು, "ಅವಳು ನನ್ನ ಜಾಗ ತಗೊಂಡಳು ಅಜ್ಜಿ."

"ಜಾಗ ಕೊಟ್ಟೋಳು ಸತ್ತೋದಳು. ಇನ್ನು ಯಾರ ಹತ್ತಿರ ವಾಪಸ್ ಕೇಳ್ತೀಯ?"

ಫೋನು ಇಟ್ಟಳು. ಅದಾದ ಮೇಲೆ ಎಷ್ಟೋ ಹಬ್ಬ ಬಂದು ಹೋದವು, ಅವಳ ಮದುವೆಯೂ ಆಯಿತು, ಒಟ್ಟಿಗೆ ಕೂತು ಉಂಡಿದ್ದೀವಿ. ಆ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ. ಅವಳಿಗೆ ಕನ್ನಡ ಓದೋಕೆ ಬರಲ್ಲ.